ಅಲ್ಲೀಗ ಎಷ್ಟು ಗಂಟೆ? ಆರ್ ಭಾಷೆಯಲ್ಲಿ ಟೈಮ್ ಝೋನ್ ಲೆಕ್ಕ

ನಮ್ಮ ಅತ್ತೆಯ ಮನೆ ಹೊಸನಗರದ ಹತ್ತಿರ. ಅವರ ಮನೆಯ ಜಗಲಿಯಲ್ಲಿ ಎರಡು ಗಡಿಯಾರ ಇವೆ. ಒಂದು ನಮ್ಮ ಸಮಯದ್ದು, ಇನ್ನೊಂದು ನ್ಯೂಜೆರ್ಸಿಯಲ್ಲಿರುವ ಮೊಮ್ಮಗಳ ಸಮಯದ್ದು. ಸಂಜೆ ದೇವರಿಗೆ ದೀಪ ಹಚ್ಚಿ, 7 ಗಂಟೆಗೆ ಅವಳಿಗೆ ವಿಡಿಯೋ ಕಾಲ್ ಮಾಡುವುದು ಅತ್ತೆಯ ರೂಢಿ. ಮಳೆಗಾಲ ಪೂರ್ತಿ ಅದು ಸರಿಯಾಗಿ ನಡೆಯುತ್ತದೆ. ಆಗ ಅಲ್ಲಿ ಬೆಳಿಗ್ಗೆ 9:30, ಮಗುವನ್ನು ಸ್ಕೂಲಿಗೆ ಬಿಟ್ಟು ಬಂದ ಮೊಮ್ಮಗಳು ಕಾಫಿ ಹಿಡಿದುಕೊಂಡು ಕೂತಿರುತ್ತಾಳೆ. ನವೆಂಬರ್ ಬಂತು ಅಂದರೆ ಕಾಲ್ ಎತ್ತುವುದೇ ಇಲ್ಲ. ಅಲ್ಲಿ ಆಗ 8:30, ಅವಳು ಕಾರು ಓಡಿಸುತ್ತಿರುತ್ತಾಳೆ. ಜಗಲಿಯ ಗಡಿಯಾರ ಮಾತ್ರ 9:30 ಅಂತಲೇ ತೋರಿಸುತ್ತದೆ. "ಗಡಿಯಾರ ಹಾಳಾಯ್ತಾ, ಅಮೆರಿಕವೇ ಹಿಂದೆ ಹೋಯ್ತಾ?" ಅಂತ ಅತ್ತೆ ಕೇಳಿದ್ದರು.

ಅದು ತುಂಬಾ ಒಳ್ಳೆಯ ಪ್ರಶ್ನೆ. ಹಿಂದೆ ಹೋಗಿದ್ದು ಅಮೆರಿಕದ ಗಡಿಯಾರವೇ. ಅಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ, ನವೆಂಬರ್ ಮೊದಲ ಭಾನುವಾರ ಮತ್ತೆ ಹಿಂದಕ್ಕೆ. 2007ರಿಂದ ಇದೇ ನಿಯಮ. ಅಂದರೆ ನಮಗೂ ನ್ಯೂಯಾರ್ಕ್ ಕಡೆಗೂ ಎಷ್ಟು ಗಂಟೆ ವ್ಯತ್ಯಾಸ ಅಂತ ಯಾರಾದರೂ ಕೇಳಿದರೆ, ಯಾವ ತಾರೀಕಿಗೆ ಅಂತ ನಾವು ವಾಪಸ್ ಕೇಳಬೇಕು. ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ.

ಇಲ್ಲಿ ಕೂತಿರುವವರಲ್ಲಿ ಕೆಲವರು ಸಂಖ್ಯಾಶಾಸ್ತ್ರ ಓದುತ್ತಿದ್ದೀರಿ, ಕೆಲವರು ತೀರ್ಥಹಳ್ಳಿ, ಸಾಗರದ ಕಡೆ ಊರಲ್ಲೇ ಇದ್ದುಕೊಂಡು ಹೊರದೇಶದ ಕಂಪನಿಗಳ ಕೆಲಸ ಮಾಡುತ್ತಿದ್ದೀರಿ. ಮಾರ್ಚ್ ತಿಂಗಳಲ್ಲಿ ಇದ್ದಕ್ಕಿದ್ದ ಹಾಗೆ ಒಂದು ಗಂಟೆ ಮುಂಚೆ ಮೀಟಿಂಗ್ ಬಂದಿದ್ದು ಯಾರಿಗೆಲ್ಲ ಗೊತ್ತು, ಕೈ ಎತ್ತಿ. ನೋಡಿ, ಜಾಸ್ತಿ ಜನ ಇದ್ದೀರಿ. ಹಾಗಾಗಿ ಸಮಸ್ಯೆ ನಿಮಗೆ ಹೊಸದಲ್ಲ. ಇದನ್ನು ಆರ್ ಭಾಷೆಯಲ್ಲಿ ಹೇಗೆ ಲೆಕ್ಕ ಹಾಕುವುದು, ಲೆಕ್ಕ ಎಲ್ಲಿ ಸದ್ದಿಲ್ಲದೆ ತಪ್ಪುತ್ತದೆ ಅನ್ನುವುದೇ ಇವತ್ತಿನ ಮಾತು.

ಆರ್ ಅಂದರೆ ಅಂಕಿ ಅಂಶದ ಕೆಲಸಕ್ಕೆ ಅಂತಲೇ ಮಾಡಿದ ಪ್ರೋಗ್ರಾಮಿಂಗ್ ಭಾಷೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ 1990ರ ದಶಕದ ಶುರುವಿನಲ್ಲಿ ಕಟ್ಟಿದ್ದು. ನ್ಯೂಜಿಲೆಂಡ್ ಹೆಸರು ಬಂದಿದ್ದಕ್ಕೆ ಒಂದು ಮಾತು ಹೇಳಿಬಿಡುತ್ತೇನೆ. ಇಡೀ ದೇಶಕ್ಕೆ ಒಂದೇ ಸಮಯ ಅಂತ ಎಲ್ಲರಿಗಿಂತ ಮೊದಲು ಮಾಡಿಕೊಂಡವರು ಅವರು, 1868ರಲ್ಲಿ. ಗ್ರೀನಿಚ್‌ಗಿಂತ ಹನ್ನೊಂದೂವರೆ ಗಂಟೆ ಮುಂದೆ ಅಂತ ಇಟ್ಟುಕೊಂಡಿದ್ದರು. ನಮ್ಮ ಹಾಗೇ ಅವರದ್ದೂ ಆಗ ಅರ್ಧ ಗಂಟೆಯ ಲೆಕ್ಕವೇ. ಈಗ ಅವರು 12 ಗಂಟೆ ಮುಂದೆ, ಅವರ ಬೇಸಿಗೆಯಲ್ಲಿ 13.

ನಮ್ಮ ಐದೂವರೆ ಎಲ್ಲಿಂದ ಬಂತು ಅನ್ನುವುದನ್ನೂ ನೋಡೋಣ, ಯಾಕೆಂದರೆ ಅದು ಗೊತ್ತಿದ್ದರೆ ಮುಂದಿನದೆಲ್ಲ ಸಲೀಸು. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಡಿಗ್ರಿಗೆ 4 ನಿಮಿಷ. ಭಾರತದ ಸಮಯವನ್ನು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶಕ್ಕೆ ಕಟ್ಟಿದ್ದಾರೆ. 82.5ನ್ನು 4ರಿಂದ ಗುಣಿಸಿ, 330 ನಿಮಿಷ ಬರುತ್ತದೆ. ಅದೇ ಐದೂವರೆ ಗಂಟೆ. 1906ರ ಜನವರಿ 1ರಿಂದ ಇದು ಜಾರಿಗೆ ಬಂತು, ಆದರೂ ಕಲ್ಕತ್ತಾ 1948ರವರೆಗೆ, ಬಾಂಬೆ 1955ರವರೆಗೆ ತಮ್ಮದೇ ಸಮಯ ಇಟ್ಟುಕೊಂಡಿದ್ದವು.

ನಮ್ಮ ಶಿವಮೊಗ್ಗ ಇರುವುದು ಸುಮಾರು 75.6 ಡಿಗ್ರಿಯಲ್ಲಿ. ಆ ರೇಖೆಯಿಂದ ಹೆಚ್ಚು ಕಡಿಮೆ 7 ಡಿಗ್ರಿ ಪಶ್ಚಿಮಕ್ಕೆ. ಹಾಗಾಗಿ ಸೂರ್ಯ ನಮ್ಮ ನೆತ್ತಿಗೆ ಬರುವುದು ಗಡಿಯಾರದ 12ಕ್ಕಲ್ಲ, ಸರಾಸರಿ 12:28ರ ಸುಮಾರಿಗೆ. ಅಡಿಕೆ ಒಣಗಿಸುವ ಅಂಗಳದಲ್ಲಿ ಒಂದು ಕೋಲು ನೆಟ್ಟು ನೆರಳು ಅತಿ ಗಿಡ್ಡವಾಗುವುದು ಎಷ್ಟು ಹೊತ್ತಿಗೆ ಅಂತ ನೋಡಿ, ಗೊತ್ತಾಗುತ್ತದೆ. ತಿಂಗಳಿಂದ ತಿಂಗಳಿಗೆ ಕಾಲು ಗಂಟೆಯವರೆಗೆ ಹಿಂದೆ ಮುಂದೆ ಆಗಬಹುದು, ಆದರೆ ಸರಾಸರಿ ಅದೇ. ಆಗುಂಬೆಗೆ ಹೋದರೆ ಇನ್ನೂ ಒಂದೆರಡು ನಿಮಿಷ ತಡ. ಹಳೆಯ ಲೆಕ್ಕದಲ್ಲಿ ಒಂದು ಗಳಿಗೆ ಅಂದರೆ 24 ನಿಮಿಷ, ದಿನಕ್ಕೆ 60 ಗಳಿಗೆ. ಅಂದರೆ ನಮಗೂ ಮಿರ್ಜಾಪುರಕ್ಕೂ ಒಂದು ಗಳಿಗೆಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ. ಪಂಚಾಂಗ ನೋಡುವವರಿಗೆ ಇದು ಹೊಸದಲ್ಲ. ಸೂರ್ಯೋದಯವನ್ನು ಊರಿಗೆ ತಕ್ಕ ಹಾಗೆ ತಿದ್ದಿಕೊಂಡು, ಅಲ್ಲಿಂದ ರಾಹುಕಾಲ ಲೆಕ್ಕ ಹಾಕುವುದು ನಮ್ಮಲ್ಲಿ ಮೊದಲಿಂದಲೂ ಇದೆ. ಸಮಯ ಹೇಳುವಾಗ ಜಾಗವನ್ನೂ ಹೇಳಬೇಕು ಅಂತ ಅವರಿಗೆ ಗೊತ್ತಿತ್ತು. ಆರ್ ಕೂಡ ನಮ್ಮಿಂದ ಅದನ್ನೇ ಕೇಳುತ್ತದೆ.

ಈಗ ಆರ್ ಒಳಗೆ ಹೋಗೋಣ. ಒಂದು ಮಾತು, ಹೆಸರುಗಳನ್ನು ನಾನು ಬಾಯಲ್ಲಿ ಹೇಳುವ ಹಾಗೇ ಇಲ್ಲಿ ಬರೆದಿದೆ, ಕಂಪ್ಯೂಟರಿನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಬೇಕು.

ಆರ್ ಸಮಯವನ್ನು ಇಟ್ಟುಕೊಳ್ಳುವ ಕ್ರಮ ತುಂಬಾ ಸರಳ. 1970ರ ಜನವರಿ 1ನೇ ತಾರೀಕು ಶುರುವಾದ ಕ್ಷಣದಿಂದ, ಅದೂ ಯುಟಿಸಿ ಲೆಕ್ಕದಲ್ಲಿ, ಅಂದರೆ ಗ್ರೀನಿಚ್‌ನ ಸೊನ್ನೆ ರೇಖೆಯ ಸಮಯದಲ್ಲಿ, ಎಷ್ಟು ಸೆಕೆಂಡು ಆಯ್ತು ಅನ್ನುವ ಒಂದು ಸಂಖ್ಯೆ. ಅಷ್ಟೇ. ಈ ಬಗೆಯ ಸಮಯಕ್ಕೆ ಆರ್‌ನಲ್ಲಿ ಪೋಸಿಕ್ಸ್‌ಸಿಟಿ ಅಂತ ಹೆಸರು. 2025ರ ಜುಲೈ 15, ಶಿವಮೊಗ್ಗದಲ್ಲಿ ಮಧ್ಯಾಹ್ನ 12 ಗಂಟೆ ಅಂತಿಟ್ಟುಕೊಳ್ಳಿ. ಅದನ್ನು ಹೀಗೆ ಕೊಡುತ್ತೇವೆ:

ಆ್ಯಸ್.ಪೋಸಿಕ್ಸ್‌ಸಿಟಿ("2025-07-15 12:00", ಟಿಝಡ್ = "ಏಷ್ಯಾ/ಕೋಲ್ಕತಾ")

ಇದನ್ನು ಆ್ಯಸ್.ನ್ಯೂಮರಿಕ್ ಒಳಗೆ ಹಾಕಿ ನೋಡಿ, 1752561000 ಅಂತ ಬರುತ್ತದೆ. 175 ಕೋಟಿ 25 ಲಕ್ಷ 61 ಸಾವಿರ ಸೆಕೆಂಡು. ಅದೇ ಕ್ಷಣಕ್ಕೆ ನ್ಯೂಯಾರ್ಕಿನಲ್ಲಿ ನಡುರಾತ್ರಿ ಕಳೆದು 2:30. ಅಲ್ಲಿ ಕೂತವರು ತಮ್ಮ ಝೋನ್ ಹೆಸರು ಹಾಕಿ 2:30 ಅಂತ ಕೊಟ್ಟರೂ ಒಳಗೆ ಬರುವುದು ಅದೇ 1752561000. ಗಡಿಯಾರ ಎರಡು, ಸಂಖ್ಯೆ ಒಂದು.

ಹಾಗಾದರೆ ಝೋನ್ ಎಲ್ಲಿ ಕೂತಿರುತ್ತದೆ? ಆ ಸಂಖ್ಯೆಯ ಮೇಲೆ ಒಂದು ಚೀಟಿ ಅಂಟಿಸಿರುತ್ತದೆ, ಟಿಝೋನ್ ಅಂತ. ತೋರಿಸುವಾಗ ಯಾವ ಊರಿನ ಗಡಿಯಾರದ ಪ್ರಕಾರ ತೋರಿಸಬೇಕು ಅಂತ ಹೇಳುವ ಚೀಟಿ ಅದು. ಅಡಿಕೆ ಮೂಟೆಯ ಮೇಲಿನ ಚೀಟಿ ಬದಲಿಸಿದರೆ ಒಳಗಿನ ತೂಕ ಬದಲಾಗುವುದಿಲ್ಲ ಅಲ್ವಾ, ಹಾಗೆ.

ಇಲ್ಲೇ ಮೊದಲ ಸಲ ಕಲಿಯುವವರು ಎಡವುವುದು. ಈಗಿನ ಸಮಯ ತಗೊಳ್ಳುತ್ತಾರೆ, ಸಿಸ್.ಟೈಮ್ ಅಂತ ಬರೆದು. ಅದರದ್ದೇ ಇನ್ನೊಂದು ಪ್ರತಿ ಮಾಡಿ ಚೀಟಿಯನ್ನು ಅಮೆರಿಕಾ/ನ್ಯೂಯಾರ್ಕ್ ಅಂತ ಬದಲಿಸುತ್ತಾರೆ. ಪರದೆಯ ಮೇಲೆ ಎರಡೂ ಬೇರೆ ಬೇರೆ ಗಂಟೆ ಕಾಣಿಸುತ್ತವೆ. ಒಂದರಲ್ಲಿ ಇನ್ನೊಂದನ್ನು ಕಳೆಯುತ್ತಾರೆ. ಉತ್ತರ ಸೊನ್ನೆ. "ಕಣ್ಣಿಗೆ ಒಂಬತ್ತೂವರೆ ಗಂಟೆ ವ್ಯತ್ಯಾಸ ಕಾಣ್ತಿದೆ, ಇದು ಸೊನ್ನೆ ಅಂತಿದೆಯಲ್ಲ ಸರ್" ಅಂತ ಪ್ರತಿ ವರ್ಷ ಯಾರಾದರೂ ಒಬ್ಬರು ನನ್ನ ಹತ್ತಿರ ಬರುತ್ತಾರೆ. ಆರ್ ಹೇಳಿದ್ದೇ ಸರಿ. ಎರಡೂ ಒಂದೇ ಕ್ಷಣ, ನಡುವೆ ಒಂದು ಸೆಕೆಂಡೂ ಕಳೆದಿಲ್ಲ. ನಾವು ಕೇಳಬೇಕಾಗಿದ್ದ ಪ್ರಶ್ನೆ ಬೇರೆ.

ಎರಡು ಝೋನ್ ನಡುವಿನ ಅಂತರ ಬೇಕಾದರೆ ಗಡಿಯಾರದ ಓದು ಒಂದೇ ಇಟ್ಟು ಊರು ಬದಲಿಸಬೇಕು. ಕೋಲ್ಕತಾ ಝೋನಿನಲ್ಲಿ ಜುಲೈ 15ರ ಮಧ್ಯಾಹ್ನ 12, ನ್ಯೂಯಾರ್ಕ್ ಝೋನಿನಲ್ಲಿ ಜುಲೈ 15ರ ಮಧ್ಯಾಹ್ನ 12. ಇವು ಎರಡು ಬೇರೆ ಕ್ಷಣ. ನಮ್ಮಲ್ಲಿ 12 ಹೊಡೆದು ಒಂಬತ್ತೂವರೆ ಗಂಟೆ ಆದ ಮೇಲೆ ಅಲ್ಲಿ 12 ಹೊಡೆಯುತ್ತದೆ. ಡಿಫ್‌ಟೈಮ್‌ಗೆ ಮೊದಲು ನ್ಯೂಯಾರ್ಕಿನದ್ದು, ಆಮೇಲೆ ನಮ್ಮದು ಕೊಟ್ಟು, ಯೂನಿಟ್ಸ್ = "ಅವರ್ಸ್" ಅಂತ ಸೇರಿಸಿದರೆ 9.5 ಬರುತ್ತದೆ. ತಾರೀಕನ್ನು ಜನವರಿ 15 ಅಂತ ಬದಲಿಸಿ ಮತ್ತೆ ಓಡಿಸಿ, 10.5. ನಮ್ಮ ಅತ್ತೆಯ ಪ್ರಶ್ನೆಗೆ ಉತ್ತರ ಈ ಎರಡು ಸಾಲಿನಲ್ಲೇ ಇದೆ.

ಇನ್ನೊಂದು ದಾರಿ ಫಾರ್ಮ್ಯಾಟ್ ಕೆಲಸದ್ದು. ಫಾರ್ಮ್ಯಾಟ್ ಒಳಗೆ ಪರ್ಸೆಂಟ್ ಗುರುತು ಹಾಕಿ ಸಣ್ಣ ಝಡ್ ಬರೆದರೆ ಆ ಕ್ಷಣಕ್ಕೆ ಆ ಊರು ಯುಟಿಸಿಯಿಂದ ಎಷ್ಟು ದೂರ ಅಂತ ಕೊಡುತ್ತದೆ, ನಮಗೆ +0530 ಅಂತ. ಬರೀ ಸಂಖ್ಯೆಯೇ ಬೇಕಾದರೆ ಸಮಯವನ್ನು ಪೋಸಿಕ್ಸ್‌ಎಲ್‌ಟಿ, ಅಂದರೆ ಗಂಟೆ, ನಿಮಿಷ ಎಲ್ಲ ಬಿಡಿಬಿಡಿಯಾಗಿ ಇಡುವ ಬಗೆ, ಮಾಡಿಕೊಂಡು ಅದರೊಳಗಿನ ಜಿಎಂಟಿಆಫ್ ನೋಡಿ, 19800 ಅಂತ ಇರುತ್ತದೆ. ಐದೂವರೆ ಗಂಟೆಯ ಸೆಕೆಂಡು ಅದು.

ಈ 19800 ಮತ್ತು 5.5, ಎರಡನ್ನೂ ದಯವಿಟ್ಟು ನೆನಪಿಟ್ಟುಕೊಳ್ಳಿ. ನಿಮ್ಮ ಲೆಕ್ಕದಲ್ಲಿ ಎಲ್ಲಾದರೂ ಎಲ್ಲ ಸಾಲುಗಳಲ್ಲೂ ಸರಿಯಾಗಿ 5.5 ಗಂಟೆ ಹೆಚ್ಚು ಕಡಿಮೆ ಬರುತ್ತಿದ್ದರೆ ಬೇರೆಲ್ಲೂ ಹುಡುಕಬೇಡಿ. ಒಂದು ಕಡೆ ಭಾರತದ ಸಮಯ, ಇನ್ನೊಂದು ಕಡೆ ಯುಟಿಸಿ ಅಂತ ಓದಿಕೊಂಡಿದೆ ಅಂತಲೇ ಅರ್ಥ. ಇದು ಎಷ್ಟು ಸುಲಭವಾಗಿ ಆಗುತ್ತದೆ ಗೊತ್ತಾ? ಆರ್‌ನ ಸ್ವಂತ ಆ್ಯಸ್.ಪೋಸಿಕ್ಸ್‌ಸಿಟಿಗೆ ಝೋನ್ ಹೇಳದಿದ್ದರೆ ಅದು ನಿಮ್ಮ ಕಂಪ್ಯೂಟರಿನ ಝೋನ್ ತಗೊಳ್ಳುತ್ತದೆ. ಆರ್‌ಗೆ ಬೇಕಾದಾಗ ಸೇರಿಸಿಕೊಳ್ಳುವ ಲೂಬ್ರಿಡೇಟ್ ಪ್ಯಾಕೇಜಿನಲ್ಲಿ ಸಮಯ ಓದಿಸುವ ವೈಎಂಡಿ ಎಚ್‌ಎಂಎಸ್‌ಗೆ ಹೇಳದಿದ್ದರೆ ಯುಟಿಸಿ ತಗೊಳ್ಳುತ್ತದೆ. ರೀಡ್‌ಆರ್ ಪ್ಯಾಕೇಜಿನಲ್ಲಿ ಫೈಲು ಓದಿದರೂ ಯುಟಿಸಿಯೇ. ಒಂದೇ ಫೈಲು, ಒಂದೇ "12:00", ಎರಡು ದಾರಿಯಲ್ಲಿ ಓದಿದರೆ ಎರಡು ಕ್ಷಣ. ಯಾವ ಎರರ್ರೂ ಬರುವುದಿಲ್ಲ. ಅದಕ್ಕೇ ನಾನು ಪ್ರತಿ ಸಲ ಟಿಝಡ್ ಬರೆದೇ ಬರೆಯುತ್ತೇನೆ, ಇಲ್ಲೇ ಶಿವಮೊಗ್ಗದ ಡೇಟಾ ಇಲ್ಲೇ ಓದುವಾಗಲೂ. ಒಂದು ಸಾಲು ಉದ್ದ ಆದರೆ ಆಗಲಿ.

ಲೂಬ್ರಿಡೇಟ್ ಅಂದೆನಲ್ಲ, ಅದರಲ್ಲಿ ಎರಡು ಕೆಲಸಗಳಿವೆ, ವಿತ್ ಟಿಝಡ್ ಮತ್ತು ಫೋರ್ಸ್ ಟಿಝಡ್. ಇವೆರಡನ್ನು ಅದಲು ಬದಲು ಮಾಡಿಕೊಳ್ಳುವವರೇ ಜಾಸ್ತಿ. ವಿತ್ ಟಿಝಡ್ ಚೀಟಿ ಮಾತ್ರ ಬದಲಿಸುತ್ತದೆ. ಕ್ಷಣ ಅದೇ, ತೋರಿಸುವ ಗಡಿಯಾರ ಬೇರೆ. ಫೋರ್ಸ್ ಟಿಝಡ್ ಗಡಿಯಾರದ ಓದನ್ನು ಹಾಗೇ ಇಟ್ಟು ಒಳಗಿನ ಕ್ಷಣವನ್ನೇ ಬದಲಿಸುತ್ತದೆ. ಫೈಲು ತಪ್ಪಾಗಿ ಯುಟಿಸಿ ಅಂತ ಓದಿಸಿಕೊಂಡಿದ್ದರೆ, ಅದರಲ್ಲಿ ಇದ್ದದ್ದು ನಿಜವಾಗಿ ನಮ್ಮ ಸಮಯವಾಗಿದ್ದರೆ, ಆಗ ಫೋರ್ಸ್ ಟಿಝಡ್ ಬೇಕು. ಅಮೆರಿಕದವರಿಗೆ ಅವರ ಗಂಟೆಯಲ್ಲಿ ತೋರಿಸಬೇಕಾದರೆ ವಿತ್ ಟಿಝಡ್.

ಝೋನ್ ಹೆಸರಿನ ಬಗ್ಗೆ. ನಾನು ಆಗಲೇ ಏಷ್ಯಾ/ಕೋಲ್ಕತಾ ಅಂತ ಬರೆದೆ, ಐಎಸ್‌ಟಿ ಅಂತ ಬರೆಯಲಿಲ್ಲ, ಗಮನಿಸಿದಿರಾ? ಐಎಸ್‌ಟಿ ಅಂದರೆ ನಮಗೆ ಭಾರತದ ಸಮಯ. ಐರ್ಲೆಂಡಿನವರಿಗೆ ಅದು ಅವರ ಬೇಸಿಗೆಯ ಸಮಯ, ಇಸ್ರೇಲಿನವರಿಗೆ ಅವರದ್ದು. ಆರ್‌ಗೆ ಟಿಝಡ್ = "ಐಎಸ್‌ಟಿ" ಅಂತ ಕೊಟ್ಟರೆ ಅದು ಗೊತ್ತಿಲ್ಲದ ಹೆಸರು, ಸುಮ್ನೆ ಯುಟಿಸಿ ಅಂತ ತಗೊಂಡುಬಿಡುತ್ತದೆ. ಕೆಲವು ಕಂಪ್ಯೂಟರಿನಲ್ಲಿ ಎಚ್ಚರಿಕೆ ಬರುತ್ತದೆ, ಕೆಲವದರಲ್ಲಿ ಅದೂ ಇಲ್ಲ. ಪರದೆಯ ಮೇಲೆ ಪಕ್ಕದಲ್ಲಿ ಐಎಸ್‌ಟಿ ಅಂತ ಬರೆದೂ ಇರಬಹುದು, ಒಳಗಿನ ಸಂಖ್ಯೆ ಮಾತ್ರ ಐದೂವರೆ ಗಂಟೆ ತಪ್ಪು. ಹಾಗೇ ಇಎಸ್‌ಟಿ, ಅಂದರೆ ನ್ಯೂಯಾರ್ಕ್ ಕಡೆಯ ಚಳಿಗಾಲದ ಸಮಯ. ಅದು ವರ್ಷ ಪೂರ್ತಿ ಯುಟಿಸಿಗಿಂತ 5 ಗಂಟೆ ಹಿಂದೆ ಅಂತ ನಿಂತುಬಿಡುತ್ತದೆ, ಜುಲೈನಲ್ಲಿ ನ್ಯೂಯಾರ್ಕಿಗೆ ಸರಿಹೊಂದುವುದಿಲ್ಲ.

ಖಂಡ, ಸ್ಲ್ಯಾಶ್, ಊರು. ಈ ಪಟ್ಟಿಯನ್ನು ಮೊದಲು ಮಾಡಿದವರು ಆರ್ಥರ್ ಡೇವಿಡ್ ಓಲ್ಸನ್. ಅದಕ್ಕೇ ಆರ್‌ನಲ್ಲಿ ಓಲ್ಸನ್‌ನೇಮ್ಸ್ ಅಂತ ಬರೆದರೆ ಪೂರ್ತಿ ಪಟ್ಟಿ ಬರುತ್ತದೆ. ಅದರಲ್ಲಿ ಬೆಂಗಳೂರೂ ಇಲ್ಲ, ದೆಹಲಿಯೂ ಇಲ್ಲ, ಇಡೀ ಭಾರತಕ್ಕೆ ಕೋಲ್ಕತಾ ಒಂದೇ. ನೇಪಾಳಕ್ಕೆ ಏಷ್ಯಾ/ಕಠ್ಮಂಡು ಇದೆ, ಐದೂಮುಕ್ಕಾಲು ಗಂಟೆ. ಗಡಿ ದಾಟಿದರೆ ಕಾಲು ಗಂಟೆ ಮುಂದೆ. ಪಟ್ಟಿಯಲ್ಲಿ ಇಟಿಸಿ/ಜಿಎಂಟಿ ಪ್ಲಸ್ 5 ಅನ್ನುವಂಥ ಹೆಸರುಗಳೂ ಇವೆ, ಅವುಗಳ ಹತ್ತಿರ ಹುಷಾರು. ಅಲ್ಲಿ ಪ್ಲಸ್ ಅಂದರೆ ಗ್ರೀನಿಚ್‌ಗಿಂತ ಹಿಂದೆ, ಪಶ್ಚಿಮಕ್ಕೆ. ನಾವು ದಿನಾ ಹೇಳುವುದಕ್ಕೆ ತಿರುಗಾ ಮುರುಗಾ. ಅರ್ಧ ಗಂಟೆಯ ಹೆಸರುಗಳಂತೂ ಅದರಲ್ಲಿ ಇಲ್ಲವೇ ಇಲ್ಲ, ಹಾಗಾಗಿ ನಮಗೆ ಅದು ಬೇಡ.

ವಿಮಾನದ ಲೆಕ್ಕ ಒಂದು ಮಾಡೋಣ. ಇದು ಸುಮ್ಮನೆ ಇಟ್ಟುಕೊಂಡ ಉದಾಹರಣೆ. ಬೆಂಗಳೂರಿನಿಂದ ಬೆಳಿಗ್ಗೆ 7ಕ್ಕೆ ಹೊರಟು ಲಂಡನ್ನಿನಲ್ಲಿ ಅಲ್ಲಿಯ ಗಡಿಯಾರದ ಮಧ್ಯಾಹ್ನ 12:30ಕ್ಕೆ ಇಳಿದಿರಿ. ಟಿಕೆಟ್ ನೋಡಿದರೆ ಐದೂವರೆ ಗಂಟೆ ಕಾಣುತ್ತದೆ. ಹೊರಟ ಸಮಯಕ್ಕೆ ಏಷ್ಯಾ/ಕೋಲ್ಕತಾ, ಇಳಿದ ಸಮಯಕ್ಕೆ ಯುರೋಪ್/ಲಂಡನ್ ಅಂತ ಝೋನ್ ಕೊಟ್ಟು ಕಳೆಯಿರಿ. ಜನವರಿಯಲ್ಲಾದರೆ 11 ಗಂಟೆ. ಅದೇ ಎರಡು ಓದು ಜುಲೈನಲ್ಲಾದರೆ 10 ಗಂಟೆ, ಯಾಕೆಂದರೆ ಲಂಡನ್ ಗಡಿಯಾರ ಆಗ ಒಂದು ಗಂಟೆ ಮುಂದೆ ಇರುತ್ತದೆ. ನಾವು ಏನೂ ಕೂಡಿಸಲಿಲ್ಲ, ಏನೂ ಕಳೆಯಲಿಲ್ಲ, ಬೇಸಿಗೆಯೋ ಚಳಿಗಾಲವೋ ಅಂತ ಆರ್ ತಾನೇ ನೋಡಿಕೊಂಡಿತು. ತಲೆಯಲ್ಲಿ "ಲಂಡನ್ ಅಂದರೆ ಐದೂವರೆ ಕಳಿ" ಅಂತ ಇಟ್ಟುಕೊಂಡು ಕೋಡಿನಲ್ಲಿ ಕೈಯಾರೆ 5.5 ಬರೆಯುವವರಿದ್ದಾರೆ. ಅರ್ಧ ವರ್ಷ ಅದು ಸರಿ, ಅರ್ಧ ವರ್ಷ ತಪ್ಪು. ಅರ್ಧ ವರ್ಷ ಸರಿಯಾಗಿರುವುದೇ ದೊಡ್ಡ ಅಪಾಯ, ಯಾರಿಗೂ ಅನುಮಾನ ಬರುವುದಿಲ್ಲ.

ಅಮೆರಿಕ, ಯುರೋಪ್ ಎರಡೂ ಕಡೆ ಕೆಲಸ ಇರುವವರಿಗೆ ಮಾರ್ಚ್ ಇನ್ನೂ ಕಷ್ಟ. 2025ರಲ್ಲಿ ಅಮೆರಿಕ ಮಾರ್ಚ್ 9ಕ್ಕೆ ಗಡಿಯಾರ ತಿರುಗಿಸಿತು, ಯುರೋಪ್ ತಿರುಗಿಸಿದ್ದು ಮಾರ್ಚ್ 30ಕ್ಕೆ. ನಡುವಿನ ಮೂರು ವಾರ ನ್ಯೂಯಾರ್ಕಿಗೂ ಲಂಡನ್ನಿಗೂ 5 ಗಂಟೆಯ ಬದಲು 4 ಗಂಟೆ ಅಂತರ. ಮಾರ್ಚ್ 9ರ ನಡುರಾತ್ರಿ ಕಳೆದು 2:30 ಅನ್ನುವ ಸಮಯವೇ ನ್ಯೂಯಾರ್ಕಿನಲ್ಲಿ ಇರಲಿಲ್ಲ, 2 ಆಗುತ್ತಿದ್ದ ಹಾಗೇ 3 ಮಾಡಿಬಿಟ್ಟರು. ಆ 2:30ನ್ನು ಲೂಬ್ರಿಡೇಟ್‌ಗೆ ಕೊಟ್ಟರೆ ಎನ್‌ಎ, ಅಂದರೆ ಉತ್ತರ ಇಲ್ಲ, ಅಂತ ವಾಪಸ್ ಕೊಡುತ್ತದೆ. ನವೆಂಬರ್ 2ಕ್ಕೆ ಉಲ್ಟಾ, 1:30 ಎರಡು ಸಲ ಬಂತು. ಅಂಥ ದಿನ 24 ಗಂಟೆ ಕೂಡಿಸುವುದೂ ಒಂದು ದಿನ ಕೂಡಿಸುವುದೂ ಒಂದೇ ಅಲ್ಲ. ಲೂಬ್ರಿಡೇಟ್‌ನಲ್ಲಿ ಡೇಸ್ ಅಂದರೆ ಗಡಿಯಾರದ ಲೆಕ್ಕದ ಒಂದು ದಿನ, ಡಿಡೇಸ್ ಅಂದರೆ ಸೆಕೆಂಡು ಎಣಿಸಿದ 24 ಗಂಟೆ. ಭಾರತದಲ್ಲಿ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲದಿರುವುದರಿಂದ ನಮಗೆ ಇದರ ಅಭ್ಯಾಸವಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಯೂನಿಟ್ಸ್ ಬರೆಯಿರಿ ಅಂತ ಆಗಲೇ ಹೇಳಿದೆ, ಯಾಕೆ ಅಂತ ಹೇಳಲಿಲ್ಲ. ಎರಡು ಸಮಯವನ್ನು ಬರೀ ಮೈನಸ್ ಹಾಕಿ ಕಳೆದರೆ ಆರ್ ತನಗೆ ತೋಚಿದ ಅಳತೆಯಲ್ಲಿ ಉತ್ತರ ಕೊಡುತ್ತದೆ. 45 ನಿಮಿಷ ಇದ್ದರೆ 45 ಮಿನಿಟ್ಸ್, 90 ನಿಮಿಷ ಇದ್ದರೆ 1.5 ಅವರ್ಸ್, ಎರಡು ದಿನ ಇದ್ದರೆ 2 ಡೇಸ್. ಕಣ್ಣಲ್ಲಿ ಓದುವುದಕ್ಕೆ ಚೆನ್ನಾಗಿದೆ. ಆದರೆ ಲೂಪಿನೊಳಗೆ ಒಂದೊಂದಾಗಿ ಕಳೆದು, ಆ್ಯಸ್.ನ್ಯೂಮರಿಕ್ ಮಾಡಿ ಪೇರಿಸಿಟ್ಟರೆ ಅಳತೆಯ ಹೆಸರು ಉದುರಿಹೋಗುತ್ತದೆ. 45ರ ಪಕ್ಕ 1.5, ಅದರ ಪಕ್ಕ 2. ಸರಾಸರಿಯೂ ಸಲೀಸಾಗಿ ಬರುತ್ತದೆ, ಅರ್ಥ ಮಾತ್ರ ಇಲ್ಲ. ಒಬ್ಬ ವಿದ್ಯಾರ್ಥಿಯ ಪ್ರಾಜೆಕ್ಟಿನಲ್ಲಿ ಇದೇ ಆಗಿ, ಎಲ್ಲಿ ತಪ್ಪಿದೆ ಅಂತ ಹುಡುಕುವುದಕ್ಕೆ ನಮಗಿಬ್ಬರಿಗೂ ಎರಡು ಸಂಜೆ ಹಿಡಿಯಿತು.

ಮುಂದಿನ ಸಾಲಿನಲ್ಲಿ ಕೂತವರು ಕೇಳುತ್ತಿದ್ದಾರೆ, ಒಂದೇ ಕಾಲಮ್ಮಿನಲ್ಲಿ ಬೇರೆ ಬೇರೆ ದೇಶದ ಸಮಯ ಇದ್ದರೆ ಏನು ಮಾಡುವುದು ಅಂತ. ಒಂದು ಕಾಲಮ್ಮಿಗೆ ಚೀಟಿ ಒಂದೇ, ಸಾಲಿಗೊಂದು ಹಾಕಲು ಬರುವುದಿಲ್ಲ. ಝೋನ್ ಹೆಸರನ್ನು ಪಕ್ಕದಲ್ಲಿ ಇನ್ನೊಂದು ಕಾಲಮ್ಮಾಗಿ ಇಟ್ಟುಕೊಳ್ಳಿ, ಲೂಬ್ರಿಡೇಟ್‌ನ ಫೋರ್ಸ್ ಟಿಝಡ್‌ಎಸ್‌ಗೆ ಎರಡನ್ನೂ ಕೊಡಿ, ಕೊನೆಗೆ ಎಸ್ ಇದೆ, ಮರೆಯಬೇಡಿ. ಅದು ಸಾಲು ಸಾಲಾಗಿ ನೋಡಿ ಎಲ್ಲವನ್ನೂ ಯುಟಿಸಿಗೆ ತಂದಿಡುತ್ತದೆ. ಆಮೇಲೆ ಧೈರ್ಯವಾಗಿ ಕಳೆಯಬಹುದು.

ಈಗ ಮಳೆಯ ವಿಷಯ. ನಾನು ಈ ಮಾತಾಡಲು ಒಪ್ಪಿಕೊಂಡಿದ್ದೇ ಇದಕ್ಕಾಗಿ.

ತೀರ್ಥಹಳ್ಳಿ ಕಡೆಯ ಒಬ್ಬ ಬೆಳೆಗಾರರು ತೋಟದ ಮನೆಯಲ್ಲಿ ಮಳೆ ಮಾಪಕ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ 8:30ಕ್ಕೆ ಅಳೆದು ನೋಟ್ ಪುಸ್ತಕದಲ್ಲಿ ಬರೆಯುತ್ತಾರೆ. ತಾರೀಕು, ನಕ್ಷತ್ರ, ಎಷ್ಟು ಮಿಲಿಮೀಟರ್. ಪುನರ್ವಸು, ಪುಷ್ಯ, ಆಶ್ಲೇಷ ಅಂತ ಬೇರೆ ಶಾಯಿಯಲ್ಲಿ ಬರೆದು ಕೆಳಗೆ ಗೆರೆ ಎಳೆದಿರುತ್ತಾರೆ. ಯಾವ ದಿನ ಮಳೆ ಬಿಟ್ಟು ಹೊಳವಾಯ್ತು, ಯಾವ ದಿನ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದರು ಅನ್ನುವುದೂ ಅದರಲ್ಲೇ ಇದೆ. ಆ ಪುಸ್ತಕದ ಒಂದು ಮಳೆಗಾಲವನ್ನು ಉಪಗ್ರಹದ ಮಳೆ ಲೆಕ್ಕದ ಜೊತೆ ಹೋಲಿಸಿ ನೋಡೋಣ ಅಂತ ನಾನು ಹೊರಟೆ. ಅರ್ಧ ಅರ್ಧ ಗಂಟೆಗೆ ಒಂದು ಅಂಕಿ ಇರುವ ಡೇಟಾ ಅದು, ಸಮಯವೆಲ್ಲ ಯುಟಿಸಿಯಲ್ಲಿ. ದಿನದ ಮೊತ್ತ ಮಾಡಿ ಪುಸ್ತಕದ ಪಕ್ಕ ಇಟ್ಟೆ. ಹೊಂದಲೇ ಇಲ್ಲ. ಪುಸ್ತಕದಲ್ಲಿ ಜೋರು ಮಳೆ ಇರುವ ದಿನ ಉಪಗ್ರಹದಲ್ಲಿ ಸಾಧಾರಣ, ಉಪಗ್ರಹದಲ್ಲಿ ಜೋರು ಇರುವ ದಿನ ಪುಸ್ತಕದಲ್ಲಿ ಕಡಿಮೆ. ಉಪಗ್ರಹಕ್ಕೆ ಮಲೆನಾಡಿನ ಮಳೆ ಸರಿಯಾಗಿ ಕಾಣುವುದಿಲ್ಲವೇನೋ ಅಂತ ನಾನು ಬರೆಯುವುದರಲ್ಲಿದ್ದೆ.

ಆಮೇಲೆ ಒಂದು ರಾತ್ರಿಯ ಮಳೆಯನ್ನು ಬಿಡಿಸಿ ನೋಡಿದೆ. ಜುಲೈ 16, ರಾತ್ರಿ 2 ಗಂಟೆಗೆ ಹಿಡಿದ ಮಳೆ ಬೆಳಿಗ್ಗೆ 7ಕ್ಕೆ ಬಿಟ್ಟಿತು. ಪುಸ್ತಕದಲ್ಲಿ ಅದಷ್ಟೂ 8:30ರ ಅಳತೆಯಲ್ಲಿ 16ನೇ ತಾರೀಕಿಗೆ ಬಂದಿದೆ. ನನ್ನ ಲೆಕ್ಕದಲ್ಲಿ? ಸಮಯವನ್ನು ಆ್ಯಸ್.ಡೇಟ್‌ಗೆ ಹಾಗೇ ಕೊಟ್ಟಿದ್ದೆ, ಅದು ಯುಟಿಸಿ ತಾರೀಕು ಕೊಟ್ಟಿತ್ತು. ಯುಟಿಸಿಯಲ್ಲಿ ದಿನ ಬದಲಾಗುವುದು ನಮ್ಮ ಬೆಳಗಿನ ಜಾವ 5:30ಕ್ಕೆ. ಹಾಗಾಗಿ 2ರಿಂದ 5:30ರವರೆಗಿನ ಮಳೆ 15ನೇ ತಾರೀಕಿಗೆ ಹೋಗಿತ್ತು, ಉಳಿದ ಒಂದೂವರೆ ಗಂಟೆಯದ್ದು 16ಕ್ಕೆ. ಒಂದು ಮಳೆ ಎರಡು ದಿನಕ್ಕೆ ಹಂಚಿಹೋಗಿತ್ತು. ಝೋನ್ ಹೇಳಿ ನಮ್ಮ ತಾರೀಕು ತೆಗೆದೆ. ಆ ರಾತ್ರಿಯದ್ದು ಸರಿಹೋಯ್ತು, ಆದರೆ ಬೇರೆ ದಿನಗಳು ಇನ್ನೂ ಹೊಂದಲಿಲ್ಲ. ಯಾಕೆಂದರೆ 16ರ ಸಂಜೆ ಬಿದ್ದ ಮಳೆಯನ್ನು ಬೆಳೆಗಾರರು ಅಳೆಯುವುದು 17ರ ಬೆಳಿಗ್ಗೆ. ಅವರ ದಿನ ಶುರುವಾಗುವುದು ನಡುರಾತ್ರಿಗಲ್ಲ, 8:30ಕ್ಕೆ. ಇದು ಅವರೊಬ್ಬರ ಪದ್ಧತಿಯಲ್ಲ. ಭಾರತದ ಹವಾಮಾನ ಇಲಾಖೆಯ ಮಳೆಯ ದಿನವೂ ಬೆಳಿಗ್ಗೆ 8:30ರಿಂದ 8:30.

ನಮ್ಮ 8:30 ಅಂದರೆ ಯುಟಿಸಿಯಲ್ಲಿ ಸರಿಯಾಗಿ 3 ಗಂಟೆ. ಇದು ಕಂಡ ಮೇಲೆ ಕೋಡು ಒಂದೇ ಸಾಲಿಗೆ ಇಳಿಯಿತು. ಯುಟಿಸಿ ಸಮಯದಲ್ಲಿ 3 ಗಂಟೆ ಕಳೆಯಿರಿ, ಅಂದರೆ 10800 ಸೆಕೆಂಡು. ಯುಟಿಸಿಯಲ್ಲೇ ತಾರೀಕು ತೆಗೆಯಿರಿ. ಅಳೆಯುವುದು ಮರುದಿನವಾದ್ದರಿಂದ 1 ದಿನ ಕೂಡಿಸಿ. ಆ ರಾತ್ರಿಯನ್ನೇ ಹಾಕಿ ನೋಡೋಣ. ರಾತ್ರಿ 2 ಗಂಟೆ ಅಂದರೆ ಯುಟಿಸಿಯಲ್ಲಿ 15ರ 20:30, ಮೂರು ಕಳೆದರೆ 17:30, ತಾರೀಕು 15, ಒಂದು ಕೂಡಿಸಿದರೆ 16. ಬೆಳಿಗ್ಗೆ 7 ಅಂದರೆ ಯುಟಿಸಿಯಲ್ಲಿ 16ರ 1:30, ಮೂರು ಕಳೆದರೆ 15ರ 22:30, ಒಂದು ಕೂಡಿಸಿದರೆ 16. ಮಳೆ ಪೂರ್ತಿ 16ಕ್ಕೆ ಬಂತು. 8:30 ದಾಟಿದ್ದೆಲ್ಲ 17ಕ್ಕೆ.

ಮತ್ತೆ ಪುಸ್ತಕದ ಪಕ್ಕ ಇಟ್ಟು ಗ್ರಾಫ್ ಹಾಕಿದೆ. ಎತ್ತರ ಎಲ್ಲ ಕಡೆ ಒಂದೇ ಆಗಿರಲಿಲ್ಲ, ಘಟ್ಟದ ಮಳೆಯನ್ನು ಮೇಲಿನಿಂದ ಅಳೆಯುವುದು ಸುಲಭವಲ್ಲ. ಆದರೆ ಏರು ಇಳಿತಗಳು ಒಂದೇ ದಿನಕ್ಕೆ ಬಂದು ನಿಂತವು. ಬೋರ್ಡೋ ಹೊಡೆಸಿದ ದಿನ ಎರಡರಲ್ಲೂ ಗೆರೆ ನೆಲ ಮುಟ್ಟಿತ್ತು. ಲ್ಯಾಪ್‌ಟಾಪ್ ತಗೊಂಡು ಹೋಗಿ ಆ ಬೆಳೆಗಾರರಿಗೆ ತೋರಿಸಿದಾಗ ಅವರು ಪುಸ್ತಕ ತೆಗೆದು ಬೆರಳಿಟ್ಟುಕೊಂಡು ಒಂದೊಂದೇ ದಿನ ಕೂಗಿ ಹೇಳಿದರು, ನಾನು ಪರದೆಯಲ್ಲಿ ನೋಡುತ್ತಾ ಹೋದೆ. ಆಶ್ಲೇಷ ಮುಗಿಯುವವರೆಗೂ ಹೀಗೇ ಓದಿದೆವು.

ಹಿಂದೆ ಕೂತ ಹಿರಿಯರು ಒಂದು ಪ್ರಶ್ನೆ ಕೇಳಿದ್ದಾರೆ. ಅವರ ತಂದೆ 1943ರಿಂದ ಇಂಥದ್ದೇ ಪುಸ್ತಕ ಬರೆದಿಟ್ಟಿದ್ದಾರಂತೆ, ಗಂಟೆ ಸಮೇತ. ಅದನ್ನೂ ಹೀಗೇ ಆರ್‌ಗೆ ಹಾಕಬಹುದಾ ಅಂತ. ಹಾಕಬಹುದು ಯಜಮಾನ್ರೇ, ಆದರೆ ಒಂದು ವಿಷಯ ಗೊತ್ತಿರಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ ನಡುವಿನವರೆಗೆ, ಭಾರತದ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟಿದ್ದರು. ಯುಟಿಸಿಗಿಂತ ಆರೂವರೆ ಗಂಟೆ. ಆರ್ ಬಳಸುವ ಪಟ್ಟಿಯಲ್ಲಿ ಅದೂ ಇದೆ. 1943ರ ಜುಲೈ 15 ಅಂತ ಏಷ್ಯಾ/ಕೋಲ್ಕತಾ ಝೋನಿನಲ್ಲಿ ಕೊಟ್ಟು ಆಗ ಹೇಳಿದ ಸಣ್ಣ ಝಡ್‌ನಿಂದ ಕೇಳಿದರೆ +0630 ಅನ್ನುತ್ತದೆ. ನಿಮ್ಮ ತಂದೆಯವರು ರೇಡಿಯೋ ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರೋ, ಹೊತ್ತು ನೋಡಿ ಬರೆಯುತ್ತಿದ್ದರೋ, ಅದು ತಿಳಿದರೆ ಯಾವುದನ್ನು ಹಾಕಬೇಕು ಅಂತ ಗೊತ್ತಾಗುತ್ತದೆ. 1942ರ ಆಗಸ್ಟ್, ಸೆಪ್ಟೆಂಬರ್ ಪುಟಗಳು ಪುಸ್ತಕದಲ್ಲಿ ಇಲ್ಲ, ಶುರುವಾಗಿದ್ದೇ 43ರಲ್ಲಿ ಅಂತೀರಿ. ಪರವಾಗಿಲ್ಲ, 1945ರ ಅಕ್ಟೋಬರ್ ಪುಟ ಇದ್ದೇ ಇರುತ್ತದೆ. 15ನೇ ತಾರೀಕಿನ ಆಚೆ ಈಚೆ ಅಳತೆಯ ಗಂಟೆ ಬದಲಾಗಿದೆಯಾ ಅಂತ ನೋಡೋಣ. ಪುಸ್ತಕ ತನ್ನಿ, ಜೊತೆಗೆ ಕೂತು ಆ ಪುಟ ತೆಗೆಯೋಣ.